ಹಾಜರಿ ಲೆಕ್ಕ ಕಂಪ್ಯೂಟರಿಗೆ, ರೈಟರ ಸಮಯ ಕಾರ್ಮಿಕರಿಗೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ‘ಮಾನವ ಸಂಪನ್ಮೂಲ ವಿಭಾಗ’ ಎಂಬ ಫಲಕ ಕಾಣಸಿಗುವುದು ಅಪರೂಪ; ಆ ಕೆಲಸವನ್ನೆಲ್ಲ ತೋಟದ ಗುಮಾಸ್ತರಾದ ರೈಟರೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಬಟವಾಡೆ, ತಿಂಗಳಿಗೊಮ್ಮೆ ಭವಿಷ್ಯ ನಿಧಿಯ ಲೆಕ್ಕ ಎಂದು ಅವರ ದಿನಗಳು ಕಳೆದುಹೋಗುವುದರಿಂದ, ಮುಂದಿನ ಕೊಯ್ಲಿಗೆ ಯಾರು ಬರುತ್ತಾರೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಬಲ್ಲವರು ಇನ್ನೆಷ್ಟು ವರ್ಷ ಮರ ಹತ್ತಬಲ್ಲರು, ಒಳ್ಳೆಯ ಕೆಲಸಗಾರರು ಪಕ್ಕದ ತೋಟಕ್ಕೆ ಹೋದದ್ದೇಕೆ ಎಂದು ವಿಚಾರಿಸಲು ಪುರುಸೊತ್ತೇ ಉಳಿಯುವುದಿಲ್ಲ. ಆಳುಗಳು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ತೋಟದ ಭವಿಷ್ಯ ನಿಂತಿರುವುದು ಇಂಥ ಪ್ರಶ್ನೆಗಳ ಮೇಲೆ. ಹಾಜರಿ, ಕೂಲಿಯ ಲೆಕ್ಕಕ್ಕೆಂದು ತಂತ್ರಾಂಶ ಕೊಳ್ಳುವ ಮೊದಲು ಮಾಲೀಕರು ಮತ್ತು ರೈಟರು ಒಟ್ಟಿಗೆ ಕುಳಿತು, ತಮಗೆ ಉತ್ತರ ಬೇಕಾದ ಮೂರು-ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ. ಆ ಪ್ರಶ್ನೆಗಳಿಗೆ ನೆರವಾಗದ ಸೌಲಭ್ಯಕ್ಕೆ ಹಣ ಕೊಡಬೇಕಾಗಿಲ್ಲ.

ಮೊದಲು ಹೆಸರು ಸರಿಯಾಗಲಿ

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ ಇದು, ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ಒಬ್ಬರೇ ಕಾರ್ಮಿಕರು ಚೆಕ್‌ರೋಲಿನಲ್ಲಿ (ಹಾಜರಿ-ಕೂಲಿಯ ಪುಸ್ತಕದಲ್ಲಿ) ‘ಲಕ್ಷ್ಮಿ’, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಗಂಡನ ಹೆಸರು ಸೇರಿಸಿಕೊಂಡ ಮೂರನೆಯ ರೂಪದಲ್ಲಿ ಇರುವುದುಂಟು. ದಿನನಿತ್ಯದ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಭವಿಷ್ಯ ನಿಧಿಯ ಹಣ ಪಡೆಯಲು ಅರ್ಜಿ ಹಾಕಿದ ದಿನ ಮಾತ್ರ ಹೆಸರು, ಜನ್ಮದಿನಾಂಕ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುತ್ತದೆ.

ತೋಟದಿಂದ ತೋಟಕ್ಕೆ ಹೋಗುವವರ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಭವಿಷ್ಯ ನಿಧಿ ಸದಸ್ಯರಿಗೆ 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ ಇರಬೇಕು. ಆದರೆ ಹೊಸ ತೋಟದಲ್ಲಿ ಹಳೆಯದನ್ನು ಕೇಳದೆ ಮತ್ತೊಂದು ಸಂಖ್ಯೆ ಮಾಡಿಸಿಬಿಟ್ಟರೆ ಸೇವೆ ಎರಡು ತುಂಡಾಗುತ್ತದೆ. 58 ವರ್ಷಕ್ಕೆ ತಿಂಗಳ ಪಿಂಚಣಿ ಸಿಗಲು 10 ವರ್ಷಗಳ ಸೇವೆ ಬೇಕು. ಒಂದು ಕಡೆ ಆರು ವರ್ಷ, ಇನ್ನೊಂದು ಕಡೆ ಐದು ವರ್ಷ ದುಡಿದವರು ಆ ಎರಡನ್ನೂ ಸೇರಿಸಿಕೊಳ್ಳದಿದ್ದರೆ ಪಿಂಚಣಿಯಿಂದಲೇ ವಂಚಿತರಾಗಬಹುದು. ಆದ್ದರಿಂದ ಪ್ರತಿಯೊಬ್ಬರ ಆಧಾರ್, ಪಾಸ್‌ಪುಸ್ತಕ ಮತ್ತು ಯುಎಎನ್ ವಿವರಗಳನ್ನು ಎದುರಿಗೆ ಇಟ್ಟುಕೊಂಡು, ವ್ಯತ್ಯಾಸವಿರುವವರ ಪಟ್ಟಿ ಮಾಡಿ, ಒಂದೊಂದಾಗಿ ತಿದ್ದಿಸಬೇಕು. ಕಾರ್ಮಿಕರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ತಂತ್ರಾಂಶವೂ ಮಾಡಲಾರದು.

ಹಳೆಯ ಪಟ್ಟಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಮುಂದುವರಿಯಬೇಕು; ಇಲ್ಲದಿದ್ದರೆ ಹೊಸ ತಂತ್ರಾಂಶದಲ್ಲಿ ಹೆಸರುಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ.

ಹಾಜರಿ ಮತ್ತು ತೂಕ

ಬೆರಳಚ್ಚಿನ ಯಂತ್ರ ಕಚೇರಿಗೆ ಒಗ್ಗುವಷ್ಟು ತೋಟಕ್ಕೆ ಒಗ್ಗುವುದಿಲ್ಲ. ಕತ್ತಿ ಹಿಡಿದು, ಮಣ್ಣಿನಲ್ಲಿ ದುಡಿದು ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರ ಗುರುತಿಸಲಿಲ್ಲವೆಂದು ಯಾರ ಅರ್ಧ ದಿನದ ಕೂಲಿಯೂ ಹೋಗಕೂಡದು. ಮುಖ ಗುರುತಿಸುವ ಆ್ಯಪ್ ಬಳಸುವುದಾದರೂ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಿಂತವರ ಮೇಲೆ ಅದನ್ನು ಪರೀಕ್ಷಿಸಿ ನೋಡಬೇಕು. ಮೇಸ್ತ್ರಿಯ ಮೊಬೈಲಿನಲ್ಲಿ ಹೆಸರಿನ ಮುಂದೆ ಗುರುತು ಹಾಕುವ ಸರಳ ವಿಧಾನವೇ ಬಹಳ ತೋಟಗಳಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಕಳಸ, ಕೊಪ್ಪದ ಕಡೆಯ ಕಣಿವೆಗಳಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ, ಇಂಟರ್‌ನೆಟ್ ಇಲ್ಲದೆಯೂ ದಾಖಲಿಸಿಕೊಂಡು ಬಂಗಲೆಗೆ ಬಂದ ಮೇಲೆ ತಾನಾಗಿಯೇ ಕಳುಹಿಸುವ ಆ್ಯಪನ್ನೇ ಆರಿಸಬೇಕು.

ಕೊಯ್ಲಿನ ಕಾಲದಲ್ಲಿ ನಂಬಿಕೆ ಉಳಿಯುವುದೂ ಕೆಡುವುದೂ ಸಂಜೆಯ ತೂಕದಲ್ಲಿ. ಹಣ್ಣಿನ ಚೀಲವನ್ನು ತಕ್ಕಡಿಗೆ ಇಟ್ಟಾಗ ಅಂಕಿ ಕೊಯ್ದವರಿಗೇ ಕಾಣುವಂತಿರಬೇಕು. ಚೀಲದ ತೂಕಕ್ಕೆಂದು ಎಷ್ಟು ಕಳೆಯಲಾಗಿದೆ, ಉಳಿದದ್ದೆಷ್ಟು, ಕಿಲೋಗೆ ಎಷ್ಟರಂತೆ ಎಷ್ಟಾಯಿತು ಎಂಬುದು ಅಲ್ಲೇ ಚೀಟಿಯಾಗಿ ಕೈಸೇರಬೇಕು. ಓದಲು ಬಾರದವರಿಗೆ ಅದೇ ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶವಾಗಿ ಕಳುಹಿಸಬಹುದು. ಅಸ್ಸಾಂನಿಂದ ಬಂದ ಕುಟುಂಬಗಳಿಗೆ ಅವರ ಭಾಷೆಯಲ್ಲೇ ಹೇಳಬಲ್ಲ ಒಬ್ಬರನ್ನು ಅವರೊಳಗಿನಿಂದಲೇ ಗೊತ್ತುಮಾಡಿಕೊಳ್ಳಬೇಕು. ಬಟವಾಡೆಯ ಚೀಟಿಯಲ್ಲಿ ಮುಂಗಡದ ಬಾಕಿ ಎಷ್ಟು ಉಳಿದಿದೆ ಎಂಬ ಸಾಲು ತಪ್ಪದೆ ಇರಲಿ, ಏಕೆಂದರೆ ಮನಸ್ತಾಪಗಳು ಹುಟ್ಟುವುದೇ ಅಲ್ಲಿ.

ದಾಖಲೆಯಿಂದ ಮುಂದಾಲೋಚನೆ

ಒಂದು ವರ್ಷದ ದಾಖಲೆ ಕೂಡಿದ ಮೇಲೆ ನಿಜವಾದ ಪ್ರಯೋಜನ ಆರಂಭವಾಗುತ್ತದೆ. ಹೆಸರಿನ ಎದುರು ವಯಸ್ಸು ಮತ್ತು ಕೌಶಲ ಬರೆದಿದ್ದರೆ, ಮರಗಸಿ ಮಾಡುವವರೆಲ್ಲ ಐವತ್ತು ದಾಟಿದವರೆಂಬುದು ತಕ್ಷಣ ಕಾಣುತ್ತದೆ. ಹಾಗಿದ್ದರೆ ಇಬ್ಬರು ಯುವಕರನ್ನು ಈ ವರ್ಷವೇ ಅವರ ಜೊತೆ ಬಿಟ್ಟು, ಕಲಿಯುವ ದಿನಗಳಿಗೂ ಪೂರ್ತಿ ಕೂಲಿ ಕೊಟ್ಟು ತಯಾರು ಮಾಡಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಡೆಸಬಲ್ಲವರು ಒಬ್ಬರೇ ಇದ್ದರೆ ಅದೂ ಗೊತ್ತಾಗುತ್ತದೆ. ಒಂದು ಲೈನಿನ (ಕಾರ್ಮಿಕರ ಮನೆಸಾಲಿನ) ಮಹಿಳೆಯರ ಗೈರುಹಾಜರಿ ಜೂನ್‌ನಲ್ಲಿ ಏರುತ್ತಿದ್ದರೆ, ಅದು ಸೋಮಾರಿತನವೆಂದು ತೀರ್ಮಾನಿಸುವ ಮೊದಲು ರೈಟರು ಅಲ್ಲಿಗೆ ಹೋಗಿ ಮಾತನಾಡಿಸಬೇಕು: ಶಾಲೆ ಶುರುವಾದ ಮೇಲೆ ಮಕ್ಕಳನ್ನು ಬಸ್ಸಿನವರೆಗೆ ಬಿಡುವವರಿಲ್ಲದಿರಬಹುದು, ಪುಟ್ಟ ಮಗುವನ್ನು ನೋಡಿಕೊಳ್ಳುವವರಿಲ್ಲದಿರಬಹುದು. ಅಂಕಿ ತೋರಿಸುವುದು ಎಲ್ಲಿ ಕೇಳಬೇಕೆಂಬುದನ್ನಷ್ಟೇ; ಕೇಳುವ ಕೆಲಸವನ್ನು ಮನುಷ್ಯರೇ ಮಾಡಬೇಕು. ಕಂಪ್ಯೂಟರ್ ಉಳಿಸಿಕೊಟ್ಟ ಸಮಯವನ್ನು ರೈಟರಿಗೆ ಬೇರೆ ಲೆಕ್ಕಪತ್ರ ಹೊರಿಸಿ ತುಂಬಿಸಿಬಿಟ್ಟರೆ ಈ ಖರ್ಚೆಲ್ಲ ವ್ಯರ್ಥ.

ದೂರುಗಳನ್ನು ಆ್ಯಪಿಗೆ ಒಪ್ಪಿಸಿ ಸುಮ್ಮನಾಗಬಾರದು. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಮಹಿಳೆಯೊಬ್ಬರ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ; ಆ ಸಮಿತಿಯವರ ಹೆಸರು, ಫೋನ್ ಸಂಖ್ಯೆ ಲೈನಿನ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ.

ಮಾಹಿತಿ ಕಾರ್ಮಿಕರದು

ಆಧಾರ್ ಪ್ರತಿ, ಮುಖದ ಚಿತ್ರ, ಬ್ಯಾಂಕ್ ಖಾತೆ ಇವೆಲ್ಲ ತೋಟದ ಮೊಬೈಲುಗಳಲ್ಲಿ ಅಲೆದಾಡುವ ವಸ್ತುಗಳಲ್ಲ. ಯಾರು ಏನನ್ನು ನೋಡಬಹುದೆಂದು ಮೊದಲೇ ನಿಗದಿಪಡಿಸಿ, ಮೇಸ್ತ್ರಿಗೆ ಹಾಜರಿ ಮಾತ್ರ ಕಾಣುವಂತೆ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು; ಕನ್ನಡ ಮತ್ತು ಅಸ್ಸಾಮಿ ಎರಡೂ ಅದರಲ್ಲಿವೆ. ತಂತ್ರಾಂಶ ಮಾರುವವರನ್ನೂ ಎರಡು ಮಾತು ಕೇಳಿಕೊಳ್ಳಿ: ಸೇವೆ ನಿಲ್ಲಿಸಿದರೆ ನಮ್ಮ ದಾಖಲೆಗಳನ್ನೆಲ್ಲ ಎಕ್ಸೆಲ್ ರೂಪದಲ್ಲಿ ಹಿಂದಿರುಗಿಸುವಿರಾ, ಮತ್ತು ನಿಮ್ಮಲ್ಲಿರುವ ಪ್ರತಿಯನ್ನು ಅಳಿಸುವಿರಾ.

ಆರಂಭಕ್ಕೆ ಕಾಲ ನೋಡಿಕೊಳ್ಳುವುದು ಮುಖ್ಯ. ಅರೇಬಿಕಾ ಕೊಯ್ಲು ಹಿಡಿದು ರೊಬಸ್ಟಾ ಮುಗಿಯುವವರೆಗೆ ಯಾರಿಗೂ ಹೊಸದನ್ನು ಕಲಿಯುವ ವ್ಯವಧಾನ ಇರುವುದಿಲ್ಲ. ರೊಬಸ್ಟಾ ಮುಗಿದ ಮೇಲೆ, ಕಾಯಂ ಆಳುಗಳಷ್ಟೇ ಇರುವಾಗ ಶುರುಮಾಡಿ, ಎರಡು ತಿಂಗಳು ಹಳೆಯ ಚೆಕ್‌ರೋಲನ್ನೂ ಜೊತೆಗೇ ಬರೆಯುತ್ತ, ಪ್ರತಿ ಬಟವಾಡೆಗೆ ಮುನ್ನ ಎರಡೂ ಲೆಕ್ಕಗಳನ್ನು ತಾಳೆ ನೋಡಬೇಕು. ಎರಡರಲ್ಲಿ ವ್ಯತ್ಯಾಸ ಬಂದರೆ, ಕಾರಣ ತಿಳಿಯುವವರೆಗೆ ಕಾರ್ಮಿಕರಿಗೆ ಹೆಚ್ಚು ಬರುವ ಲೆಕ್ಕದಂತೆಯೇ ಕೂಲಿ ಕೊಡಬೇಕು.