ಶೋಲಾ ಹಕ್ಕಿಯ ನೆಂಟರು ಯಾರು? ಡಿಎನ್‌ಎಯಿಂದ ವಂಶವೃಕ್ಷ ಕಟ್ಟುವ ಬಗೆ

ಬಾಬಾಬುಡನ್‌ಗಿರಿಯ ಶೋಲಾ ಕಾಡಿನಲ್ಲಿ (ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ದಟ್ಟ ಕಾಡು), ನೆಲಕ್ಕೆ ತಾಗಿದ ಪೊದೆಗಳ ನಡುವೆ ಓಡಾಡುವ ನೀಲಿ ಮೈಯ ಪುಟ್ಟ ಹಕ್ಕಿಯೊಂದಿದೆ. ಅದರ ಗಿಡ್ಡ ರೆಕ್ಕೆ, ಉದ್ದ ಕಾಲುಗಳನ್ನು ನೋಡಿ ಬಹುಕಾಲ ಶಾರ್ಟ್‌ವಿಂಗ್ ಎಂಬ ಹಕ್ಕಿಗಳ ಕುಲಕ್ಕೆ ಸೇರಿಸಿದ್ದರು. ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್‌ಎ ಹೋಲಿಸಿದಾಗ ನೀಲಿ ನೊಣಹಿಡುಕಗಳೇ ಅದಕ್ಕೆ ಹತ್ತಿರದವೆಂದು ತಿಳಿದು, 2017ರಲ್ಲಿ ‘ಶೋಲಿಕೋಲ’ ಎಂಬ ಹೊಸ ಕುಲವನ್ನೇ ಹೆಸರಿಸಬೇಕಾಯಿತು. ಇಂಥ ಹೋಲಿಕೆಯನ್ನು ಆಸಕ್ತ ವಿದ್ಯಾರ್ಥಿ ಮನೆಯ ಕಂಪ್ಯೂಟರಿನಲ್ಲೂ ಸಣ್ಣದಾಗಿ ಮಾಡಿ ನೋಡಬಹುದು.

ಮೊದಲು ಜೆನ್‌ಬ್ಯಾಂಕ್ ಎಂಬ ಉಚಿತ ಭಂಡಾರದಲ್ಲಿ ಶೋಲಿಕೋಲ, ಶಾರ್ಟ್‌ವಿಂಗ್ ಹಾಗೂ ನೊಣಹಿಡುಕಗಳ ಸೈಟೋಕ್ರೋಮ್ ಬಿ ವಂಶವಾಹಿಯ (ಇದು ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಲ್ಲಿರುತ್ತದೆ) ಡಿಎನ್‌ಎ ಸರಣಿಗಳನ್ನು ಹುಡುಕಿ ಇಳಿಸಿಕೊಳ್ಳಿ. ಹಕ್ಕಿಗಳಲ್ಲಿ ಇದರ ಉದ್ದ ಸುಮಾರು 1143 ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿ). ಜೊತೆಗೆ ಈ ಹಕ್ಕಿಗಳ ಕುಟುಂಬದಿಂದ ಹೊರಗಿರುವ, ಆದರೆ ತೀರಾ ದೂರದ್ದಲ್ಲದ ಟರ್ಡಸ್ ಕುಲದ ಹಕ್ಕಿಯೊಂದು ಇರಲಿ. ಇಂಥ ‘ಹೊರಗುಂಪು’ ಇಲ್ಲದಿದ್ದರೆ ಮರದ ಬುಡ ಯಾವ ಕಡೆಗಿದೆ ಎಂಬುದೇ ಗೊತ್ತಾಗುವುದಿಲ್ಲ.

ಬಳಿಕ ಮೆಗಾ ಎಂಬ ಉಚಿತ ತಂತ್ರಾಂಶದಲ್ಲಿ ಸರಣಿಗಳನ್ನು ಅಕ್ಷರಕ್ಕೆ ಅಕ್ಷರ ಸರಿಹೊಂದುವಂತೆ ಜೋಡಿಸಿ, ಪ್ರೋಟೀನ್ ಭಾಷೆಗೆ ಪರಿವರ್ತಿಸಿ ಪರಿಶೀಲಿಸಿ. ದಯವಿಟ್ಟು ಈ ಹಂತದಲ್ಲಿ ಅವಸರ ಮಾಡಬೇಡಿ. ಮೂರು ಮೂರು ಅಕ್ಷರಗಳ ಅರ್ಥ ಹೇಳುವ ಪಟ್ಟಿಗಳಲ್ಲಿ ಕಶೇರುಕಗಳ ಮೈಟೋಕಾಂಡ್ರಿಯಾದ ಸಂಕೇತಪಟ್ಟಿಯನ್ನೇ ಆರಿಸಬೇಕು. ಸಾಮಾನ್ಯ ಪಟ್ಟಿಯಲ್ಲಿ ‘ಟಿಜಿಎ’ ಎಂದರೆ ನಿಲುಗಡೆ, ಇಲ್ಲಿ ಅದು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ. ಸರಿಯಾದ ಪಟ್ಟಿಯಲ್ಲೂ ನಡುವೆ ನಿಲುಗಡೆ ಕಂಡರೆ ಆ ಸರಣಿಯನ್ನು ಅನುಮಾನಿಸಿ. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದರಿಂದ ರೆಕ್ಕೆಯ ನಾಳದ ಒಂದು ಹನಿ ರಕ್ತವೇ ಡಿಎನ್‌ಎಗೆ ಸಾಕಾಗುತ್ತದೆ, ನಿಜ. ಆದರೆ ಅದೇ ನ್ಯೂಕ್ಲಿಯಸ್‌ನಲ್ಲಿ ಎಂದೋ ಸೇರಿಕೊಂಡ ಮೈಟೋಕಾಂಡ್ರಿಯಾದ ನಿಷ್ಕ್ರಿಯ ಪ್ರತಿಗಳೂ ಇರುತ್ತವೆ, ಪ್ರಯೋಗಾಲಯದಲ್ಲಿ ಅಸಲಿಯ ಬದಲು ಅವೇ ಓದಿಗೆ ಸಿಕ್ಕಿಬಿಡಬಹುದು; ನಡುವಿನ ನಿಲುಗಡೆ ಅದರ ಸುಳಿವು.

ಅಕ್ಷರಗಳು ಬದಲಾಗುವ ಬಗೆಯನ್ನು ಹೇಳುವ ಸೂಕ್ತ ಮಾದರಿಯನ್ನು ತಂತ್ರಾಂಶದಿಂದಲೇ ಆಯ್ಕೆ ಮಾಡಿಸಿ, ಗರಿಷ್ಠ ಸಂಭಾವ್ಯತೆಯ ವಿಧಾನದಲ್ಲಿ (ಈ ಸರಣಿಗಳು ಮೂಡಲು ಅತಿ ಹೆಚ್ಚು ಸಾಧ್ಯತೆಯಿರುವ ಮರವನ್ನು ಹುಡುಕುವ ವಿಧಾನ) ಮರ ಕಟ್ಟಿಸಿ, ಸರಣಿಯ ಅಕ್ಷರಗಳನ್ನು ಯಾದೃಚ್ಛಿಕವಾಗಿ ಮರುಆಯ್ದು ಮತ್ತೆ ಮತ್ತೆ ಮರ ಕಟ್ಟುವ ಬೂಟ್‌ಸ್ಟ್ರಾಪ್ ಪರೀಕ್ಷೆಯನ್ನು 1000 ಬಾರಿ ನಡೆಸಿ. ಕವಲಿನ ಬಳಿ 95 ಎಂದಿದ್ದರೆ ಅದು ನೂರಕ್ಕೆ 95 ಬಾರಿ ಮರುಕಳಿಸಿದೆ ಎಂದರ್ಥ. 50ರ ಆಸುಪಾಸಿನ ಕವಲನ್ನು ನಂಬಿ ನೆಂಟಸ್ತಿಕೆ ಹೇಳಬಾರದು. ತುದಿಯಲ್ಲಿ ಎರಡು ಹೆಸರುಗಳು ಅಕ್ಕಪಕ್ಕ ಕಂಡ ಮಾತ್ರಕ್ಕೆ ಹತ್ತಿರದವಲ್ಲ. ಅವುಗಳ ಕವಲು ಎಲ್ಲಿ ಕೂಡುತ್ತದೆ ಎಂಬುದನ್ನು ಬೆರಳಿಟ್ಟು ಹಿಂದಕ್ಕೆ ಹೋಗಿ ನೋಡಿ.

ಮೈಟೋಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಈ ಮರ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ನ್ಯೂಕ್ಲಿಯಸ್‌ನ ವಂಶವಾಹಿಯೊಂದನ್ನು ಆರಿಸಿಕೊಂಡು, ಇದೇ ಹಕ್ಕಿಗಳಿಗೆ ಎರಡನೆಯ ಮರ ಕಟ್ಟಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ.