ಶಟ್‌ಡೌನ್ ಮಾಡಿ ಆನ್ ಮಾಡಿದ್ರೆ ವೈಫೈ ಮಾಯ, ರೀಸ್ಟಾರ್ಟ್ ಮಾಡಿದ್ರೆ ವಾಪಸ್ ಬರತ್ತಾ? ಹೀಗೆ ಮಾಡಿ ನೋಡಿ

ಅಕ್ಕನ ಮನೇಲಿ ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ವೈಫೈ ಡಾಂಗಲ್ (ವೈಫೈ ಹಿಡಿಯೋ ಪುಟ್ಟ ಸಾಧನ) ಹಾಕಿದಾರೆ, ವಿಂಡೋಸ್ 10. ರಾತ್ರಿ ಸರಿಯಾಗೇ ಶಟ್‌ಡೌನ್ ಮಾಡಿ ಗೋಡೆ ಸ್ವಿಚ್ಚೂ ಆಫ್ ಮಾಡಿ ಮಲಗ್ತಾರೆ, ಬೆಳಿಗ್ಗೆ ಆನ್ ಮಾಡಿದ್ರೆ ಕೆಳಗೆ ಬಲಗಡೆ ವೈಫೈ ಗುರುತೇ ಇರಲ್ಲ, ಸೆಟ್ಟಿಂಗ್ಸ್ ಒಳಗೆ ಹೋದ್ರೆ ವೈಫೈ ಅನ್ನೋ ಸಾಲೇ ಇಲ್ಲ. ಒಂದ್ಸಲ ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಸರಿ. ಅಂಗಡಿಯವ್ರು ಡಾಂಗಲ್ ಹೋಗಿದೆ ಹೊಸದು ತಗೊಳ್ಳಿ ಅಂದ್ರಂತೆ. ಸ್ವಲ್ಪ ತಡಿಯೇ ಅಕ್ಕ ಅಂದೆ, ಯಾಕಂದ್ರೆ ಡಾಂಗಲ್ ಸತ್ತಿದ್ರೆ ರೀಸ್ಟಾರ್ಟ್‌ಗೂ ಬರ್ತಿರ್ಲಿಲ್ಲ.

ವಿಷಯ ಏನಂದ್ರೆ, ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ನಾವು ಶಟ್‌ಡೌನ್ ಒತ್ತಿದಾಗ ನಮ್ಮ ಪ್ರೋಗ್ರಾಂಗಳು ಮುಚ್ಚತ್ತೆ ನಿಜ, ಆದ್ರೆ ವಿಂಡೋಸ್‌ನ ಒಳಗಿನ ಭಾಗ, ಡ್ರೈವರ್‌ಗಳ (ಡಾಂಗಲ್‌ನಂಥ ಸಾಧನಗಳನ್ನ ನಡೆಸೋ ಸಾಫ್ಟ್‌ವೇರ್) ಸಮೇತ, ಹಾಗ್‌ಹಾಗೇ ಡಿಸ್ಕಲ್ಲಿ ಉಳಿಸಿಟ್ಟು ಬೆಳಿಗ್ಗೆ ಅದನ್ನೇ ಎತ್ಕೊಳತ್ತೆ, ಬೇಗ ಆನ್ ಆಗ್ಲಿ ಅಂತ. ಡಾಂಗಲ್ ಮಾತ್ರ ಕರೆಂಟ್ ಹೋಗಿ ಹೊಸದಾಗಿ ಶುರುವಾಗಿರತ್ತೆ, ಡ್ರೈವರ್ ನಿನ್ನೆ ರಾತ್ರಿಯ ಸ್ಥಿತಿಲೇ ಇರತ್ತೆ, ಕೆಲವು ಡಾಂಗಲ್‌ಗಳಲ್ಲಿ ಎರಡಕ್ಕೂ ತಾಳೆ ಆಗಲ್ಲ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲಾ ಮೊದಲಿಂದ ಲೋಡ್ ಆಗತ್ತೆ.

ಅನುಮಾನ ಇದ್ರೆ ಶಟ್‌ಡೌನ್ ಮಾಡಿ ಆನ್ ಮಾಡಿದ ತಕ್ಷಣ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಕೆಳಗೆ ಅಪ್ ಟೈಮ್, ಅಂದ್ರೆ ವಿಂಡೋಸ್ ಎಷ್ಟು ಹೊತ್ತಿಂದ ಓಡ್ತಿದೆ ಅನ್ನೋ ಲೆಕ್ಕ, ನೋಡಿ. ಅಕ್ಕನ ಕಂಪ್ಯೂಟರಲ್ಲಿ ಆನ್ ಮಾಡಿ 2 ನಿಮಿಷ ಆಗಿತ್ತು, ಅಲ್ಲಿ 6 ದಿನ ಅಂತಿತ್ತು, ಅಂದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಆಫ್ ಆಗಿರ್ಲಿಲ್ಲ!

ಸರಿ ಮಾಡೋದು ಹೀಗೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ', ಅಲ್ಲಿ ಟಿಕ್ ತೆಗೆಯೋಕೆ ಆಗದ ಹಾಗೆ ಮಂಕಾಗಿರತ್ತೆ, ಮೇಲೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಅನ್ನೋದನ್ನ ಒತ್ತಿದ್ರೆ ಬಿಡತ್ತೆ, ಆಮೇಲೆ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆದು ಸೇವ್ ಮಾಡಿ. ಆನ್ ಆಗೋಕೆ ಸ್ವಲ್ಪ ಹೆಚ್ಚು ಹೊತ್ತು ಹಿಡೀಬಹುದು, ಪರವಾಗಿಲ್ಲ. ಸೆಟ್ಟಿಂಗ್ ಮುಟ್ಟೋಕೆ ಭಯ ಅಂದ್ರೆ ಶಿಫ್ಟ್ ಕೀ ಹಿಡ್ಕೊಂಡು ಶಟ್‌ಡೌನ್ ಒತ್ತಿ, ಆ ಒಂದ್ಸಲಕ್ಕೆ ಪೂರ್ತಿ ಆಫ್ ಆಗತ್ತೆ.

ಕೆಲಸ ಮಾಡ್ತಾ ಮಾಡ್ತಾ ಮಧ್ಯದಲ್ಲಿ ವೈಫೈ ಹೋಗೋದಾದ್ರೆ ಅದು ಬೇರೆ ಕಥೆ. ಡಿವೈಸ್ ಮ್ಯಾನೇಜರ್, ನೆಟ್‌ವರ್ಕ್ ಅಡಾಪ್ಟರ್ಸ್, ನಿಮ್ಮ ವೈಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ರೆ ಕರೆಂಟ್ ಉಳಿಸೋಕೆ ಡಿವೈಸ್ ಆಫ್ ಮಾಡ್ಲಾ ಅನ್ನೋ ಟಿಕ್ ತೆಗೀರಿ. ಡಾಂಗಲ್ 2.4 ಗಿಗಾಹರ್ಟ್ಸ್‌ದಾದ್ರೆ ಪಕ್ಕದಲ್ಲೇ ಯುಎಸ್‌ಬಿ 3 ಪೆನ್‌ಡ್ರೈವೋ ಹಾರ್ಡ್‌ಡಿಸ್ಕೋ ಹಾಕ್ಬೇಡಿ, ಅದ್ರಿಂದ ಬರೋ ಗದ್ದಲ ಅದೇ ಫ್ರೀಕ್ವೆನ್ಸಿಗೆ ಬೀಳತ್ತೆ. ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್‌ನ ಸಿಪಿಯು ಡಬ್ಬದಿಂದ ಸ್ವಲ್ಪ ದೂರ ಇಟ್ರೂ ಸಾಕು.

ಸೆಟ್ಟಿಂಗ್ಸ್‌ನಲ್ಲಿರೋ ನೆಟ್‌ವರ್ಕ್ ರೀಸೆಟ್ ಮಾತ್ರ ದಯವಿಟ್ಟು ಮೊದಲೇ ಒತ್ಬೇಡಿ, ಉಳಿಸಿಟ್ಟ ವೈಫೈ ಪಾಸ್‌ವರ್ಡೆಲ್ಲಾ ಹೋಗತ್ತೆ, ಆಫೀಸಿನ ವಿಪಿಎನ್ ಇದ್ರೆ ಅದನ್ನೂ ಮತ್ತೆ ಹಾಕ್ಕೋಬೇಕಾಗ್ಬಹುದು. ಒತ್ತಲೇಬೇಕು ಅಂತಾದ್ರೆ ಪಾಸ್‌ವರ್ಡ್ ಮೊದಲು ಒಂದು ಚೀಟಿಲಿ ಬರೆದಿಟ್ಕೊಳ್ಳಿ.