ಏಳು ಸ್ವರ, ನಾಲ್ಕು ಬೆರಳು: ಜಿ13 ಕಾರ್ಡ್ ಕೈಗೆ ಬಂದ ಬಗೆ

ನನ್ನ ಕಿವಿ ಪಳಗಿದ್ದು ಹಾರ್ಮೋನಿಯಂನಲ್ಲಿ. ಕಾರವಾರದ ನಮ್ಮ ಮನೆಯಲ್ಲಿ ಭಜನೆಯಿದ್ದರೆ ಪೆಟ್ಟಿಗೆಯ ಮುಂದೆ ಕೂರುವವನು ನಾನೇ. ಹಾಗಾಗಿ ಗಿಟಾರಿನಲ್ಲಿ ಜಾಜ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಕಲಿಯಹೊರಟಾಗ ಚುಕ್ಕಿ, ಗೆರೆಗಳ ಚಿತ್ರಗಳಿಗಿಂತ ಸರಿಗಮವೇ ನನಗೆ ದಾರಿ ತೋರಿಸಿತು.

ಪಾಶ್ಚಾತ್ಯ ಸಂಗೀತದ ಜಿ ಸ್ವರವನ್ನು ಷಡ್ಜವೆಂದು ಹಿಡಿದು ಒಂದು ಬಿಟ್ಟು ಒಂದರಂತೆ ಮೇಲೇರಿದರೆ ಸ, ಗ, ಪ, ಕೋಮಲ (ಅರ್ಧ ಸ್ವರ ಇಳಿದ) ನಿ ಸಿಗುತ್ತವೆ. ಅಲ್ಲಿಗೆ ಜಿ7 ಎಂಬ ಕಾರ್ಡ್. ನಿಲ್ಲದೆ ಮೇಲಿನ ಸಪ್ತಕಕ್ಕೆ ಹತ್ತಿದರೆ ರಿ, ಮ, ಧ. ಷಡ್ಜದಿಂದ ಎಣಿಸಿದರೆ ಇವೇ ಕ್ರಮವಾಗಿ 9, 11, 13ನೆಯ ಸ್ವರಗಳು. ಅಂದರೆ ಹಿಂದೂಸ್ತಾನಿ ಸಂಗೀತದ ಖಮಾಜ್ ಥಾಟಿನ (ನಿಷಾದವೊಂದೇ ಕೋಮಲವಾಗಿರುವ ಸ್ವರಶ್ರೇಣಿಯ) ಏಳೂ ಸ್ವರಗಳು ಜಿ13 ಎಂಬ ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಎದ್ದು ನಿಲ್ಲುತ್ತವೆ! ಇದು ಹೊಳೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಗಿಟಾರಿಗೆ ಇರುವುದು ಆರು ತಂತಿ, ಒತ್ತಲು ನಾಲ್ಕು ಬೆರಳು. ಯಾವುದನ್ನು ಬಿಡಬೇಕೆಂದು ತಿಳಿಯುವುದೇ ಇಲ್ಲಿನ ಕಸುಬು. ಮೊದಲು ಪಂಚಮವನ್ನು ಬಿಟ್ಟೆ. ತಂಬೂರಿಯ ಸ-ಪ ಕೇಳಿ ಬೆಳೆದವರಿಗೆ ಮನಸ್ಸು ಒಪ್ಪುವುದಿಲ್ಲ, ಆದರೂ ಅದಿಲ್ಲದೆ ಕಾರ್ಡಿನ ಗುಣ ಕೆಡುವುದಿಲ್ಲ. ಮಧ್ಯಮ ಗಾಂಧಾರಕ್ಕೆ ಬರೀ ಅರ್ಧ ಸ್ವರದಷ್ಟು ಹತ್ತಿರ. ಎರಡೂ ಕೂಡಿದರೆ ತಿಕ್ಕಾಟ. ಅದನ್ನೂ ಬಿಟ್ಟೆ. ಬಿಡಲೇಬಾರದವು ಗಾಂಧಾರ ಮತ್ತು ಕೋಮಲ ನಿಷಾದ. ಕಾರ್ಡಿನ ಜೀವ ಇರುವುದು ಅವೆರಡರಲ್ಲೇ. 1937ರಲ್ಲಿ ಅಮೆರಿಕದ ಜಾಜ್ ಪಿಯಾನೋ ವಾದಕ ಕೌಂಟ್ ಬೇಸಿಯವರ ವಾದ್ಯವೃಂದ ಸೇರಿದ ಫ್ರೆಡ್ಡಿ ಗ್ರೀನ್ ಅವರ ಗಿಟಾರ್ ಕೇಳಿದರೆ, ಎಷ್ಟು ಕಡಿಮೆ ಸ್ವರಗಳಲ್ಲಿ ಕೆಲಸ ಸಾಗುತ್ತದೆಂದು ತಿಳಿಯುತ್ತದೆ.

ಈಗ ಬೆರಳುಗಳಿಗೆ ಬರೋಣ. ದಪ್ಪನೆಯ ಆರನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳಿಂದಾದ ಮನೆ) ತೋರುಬೆರಳು: ಷಡ್ಜ. ಅದರ ತುದಿ ಐದನೆಯ ತಂತಿಯನ್ನು ತುಸು ಸೋಕಿ ಸುಮ್ಮನಿರಿಸಬೇಕು. ನಾಲ್ಕನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ನಡುಬೆರಳು: ಕೋಮಲ ನಿಷಾದ. ಮೂರನೆಯ ತಂತಿಯ ನಾಲ್ಕರಲ್ಲಿ ಉಂಗುರ ಬೆರಳು: ಗಾಂಧಾರ. ಎರಡನೆಯ ತಂತಿಯ ಐದರಲ್ಲಿ ಕಿರುಬೆರಳು: ಧೈವತ, ಅದೇ 13. ಕಿರುಬೆರಳನ್ನು ಮಲಗಿಸಿ ಒಂದನೆಯ ತಂತಿಯನ್ನೂ ಒತ್ತಿದರೆ ರಿಷಭವೂ ಸೇರುತ್ತದೆ. ನಾನು ಒಂದೊಂದೇ ತಂತಿಯನ್ನು ಮೀಟಿ, ಆ ಸ್ವರವನ್ನು ಬಾಯಲ್ಲಿ ಹಾಡಿ, ಆಮೇಲಷ್ಟೇ ಒಟ್ಟಿಗೆ ನುಡಿಸುತ್ತಿದ್ದೆ. ಈ ಅಭ್ಯಾಸವನ್ನು ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. (ನಮ್ಮ ಕಡಲ ಗಾಳಿಯ ಉಪ್ಪಿಗೆ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ.)

ಒಂಟಿಯಾಗಿ ನುಡಿಸಿದರೆ ಜಿ13ರ ಸೊಗಸು ಅರ್ಧವೇ. ಅದರ ಹಿಂದೆ ಡಿ ಮೈನರ್ 9, ಮುಂದೆ ಸಿ ಮೇಜರ್ 9 ಎಂಬ ಕಾರ್ಡ್‌ಗಳು ಇರಬೇಕು. ಡಿ ಮೈನರ್ 9ಕ್ಕೆ ಐದನೆಯ ತಂತಿಯಿಂದ ಎರಡನೆಯದರವರೆಗೆ ಫ್ರೆಟ್‌ಗಳು 5, 3, 5, 5. ಅಲ್ಲಿಂದ ಜಿ13ಕ್ಕೆ ಬರುವಾಗ ನಾಲ್ಕನೆಯ ಮತ್ತು ಎರಡನೆಯ ತಂತಿಗಳ ಸ್ವರಗಳು ಕದಲುವುದೇ ಇಲ್ಲ. ತಳದ ಸ್ವರ ಡಿಯಿಂದ ಜಿಗೆ ಬದಲಾಗುತ್ತದೆ, ಮೂರನೆಯ ತಂತಿ ಒಂದು ಫ್ರೆಟ್ ಇಳಿಯುತ್ತದೆ. ಷಡ್ಜವನ್ನು ಕದಲಿಸದ ನಮ್ಮ ಸಂಗೀತದ ಕಿವಿಗೆ ಇದು ಹೊಸತು: ನಾಲ್ಕನೆಯ ತಂತಿಯ ಅದೇ ಎಫ್ ಡಿಗೆ ಕೋಮಲ ಗಾಂಧಾರವಾಗಿತ್ತು, ಜಿ ಬಂದೊಡನೆ ಕೋಮಲ ನಿಷಾದವಾಯಿತು. ಮುಂದೆ ಸಿ ಮೇಜರ್ 9ಕ್ಕೆ ಮತ್ತೆ ಐದನೆಯ ತಂತಿಯಿಂದ ಎರಡನೆಯದರವರೆಗೆ 3, 2, 4, 3.

ಇದು ಕೈಗೆ ಕೂತ ಮೇಲೆ ಜಿ13ರ ಧೈವತವನ್ನು ಕೋಮಲ ಮಾಡಿ ನೋಡಿ, ಅಂದರೆ ಕಿರುಬೆರಳು ಐದರ ಬದಲು ನಾಲ್ಕನೆಯ ಫ್ರೆಟ್ಟಿಗೆ. ಖಮಾಜ್ ಅಲ್ಲಿಗೆ ಮುಗಿಯಿತು. ಆದರೆ ಮೂರು ಕಾರ್ಡ್‌ಗಳುದ್ದಕ್ಕೂ ಎರಡನೆಯ ತಂತಿಯೊಂದನ್ನೇ ಕೇಳುತ್ತಾ ಹೋದರೆ ಐದು, ನಾಲ್ಕು, ಮೂರು ಎಂದು ಮೆಟ್ಟಿಲಿಳಿಯುವ ಸಾಲು ಸ್ಪಷ್ಟವಾಗಿ ಕೇಳಿಸುತ್ತದೆ. ನನ್ನ ಈಗಿನ ಅಭ್ಯಾಸವೆಲ್ಲ ಅದರದ್ದೇ.